ಟೈನ್ ನದಿಯ ದಂಡೆಯಲ್ಲಿ ಬಿಡಾರ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿಕೊಂಡಾಗ, ಬಾಲ್ಯದ ನೆನಪುಗಳನ್ನೇ ಬರೆಯೋಣವೆಂದು ಕುಳಿತಿದ್ದೆ. ಆದರೆ ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲ ಹಿರಿಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಕುಂಬಳೆ, ಬದಿಯಡ್ಕ, ಮುಳ್ಳೇರಿಯಾದ ಕಡೆಯ ಪರಿಚಿತರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ನಮ್ಮ ಮಕ್ಕಳು ಅಲ್ಲಿಗೆ ಬರಬಹುದೋ?" ಬಸ್ಸು ಹೊರಡುವ ಗಡಿಬಿಡಿಯಲ್ಲಿ ಇದಕ್ಕೆ ಸರಿಯಾದ ಉತ್ತರ ಹೇಳಲು ನನ್ನಿಂದ ಆಗಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

"ಅಲ್ಲಿ" ಎಂದರೆ ಇಂಗ್ಲೆಂಡಿನ ಈಶಾನ್ಯ ಭಾಗದ ನ್ಯೂಕಾಸಲ್ ನಗರ. ನನ್ನ ಪತ್ನಿಗೆ ಅಲ್ಲಿಯ ಸರಕಾರಿ ಆಸ್ಪತ್ರೆಯೊಂದರಲ್ಲಿ ದಾದಿಯ ಕೆಲಸ ದೊರೆತುದರಿಂದ 2019ರ ಅಕ್ಟೋಬರಿನಲ್ಲಿ, ನಾಲ್ಕು ವರ್ಷದ ಮಗಳೊಂದಿಗೆ ನಾವು ಹೊರಟೆವು. ಹೊರಡುವ ಮುನ್ನ ಅಮ್ಮ ಸಂಬಳವೆಷ್ಟೆಂದು ಕೇಳಲಿಲ್ಲ. "ಅಲ್ಲಿ ಹೊಳೆ ಉಂಟಾ?" ಎಂದು ಕೇಳಿದಳು. ಪಯಸ್ವಿನಿಯ ದಡದಲ್ಲಿ ಹುಟ್ಟಿ ಬೆಳೆದ ಆಕೆಗೆ ಊರೆಂದರೆ ಮೊದಲು ಹೊಳೆ, ಆಮೇಲೆ ಉಳಿದದ್ದು. ಉಂಟು ಎಂದೆ. ಆಗ ನಾನು ಅದನ್ನು ನಕಾಶೆಯಲ್ಲಿ ಮಾತ್ರ ಕಂಡಿದ್ದೆ.

ಟೈನ್ ನದಿಯ ಉತ್ತರ ದಡದಲ್ಲಿ ನ್ಯೂಕಾಸಲ್, ದಕ್ಷಿಣ ದಡದಲ್ಲಿ ಗೇಟ್ಸ್‌ಹೆಡ್. ನಡುವೆ ಒಂದು ಆಳವಾದ ಕಣಿವೆ. ಅದರ ಮೇಲೆ ಹತ್ತಿರ ಹತ್ತಿರವಾಗಿ ಏಳು ಸೇತುವೆಗಳು. 1849ರಲ್ಲಿ ರಾಬರ್ಟ್ ಸ್ಟೀವನ್‌ಸನ್ ಕಟ್ಟಿಸಿದ ಸೇತುವೆಯಲ್ಲಿ ಮೇಲೆ ರೈಲು, ಕೆಳಗೆ ರಸ್ತೆ. 1876ರದು ನಡುಗಂಬದ ಮೇಲೆ ಅಡ್ಡಲಾಗಿ ತಿರುಗಿ ಹಡಗಿಗೆ ದಾರಿ ಬಿಡುವಂಥದು. 1928ರ ಹಸಿರು ಬಣ್ಣದ ಉಕ್ಕಿನ ಕಮಾನು ಈ ಊರಿನ ಲಾಂಛನವೇ ಆಗಿದೆ. 2001ರಲ್ಲಿ ಜನರ ಓಡಾಟಕ್ಕೆ ತೆರೆದ ಮಿಲೇನಿಯಂ ಸೇತುವೆ ಎಲ್ಲಕ್ಕಿಂತ ಚಿಕ್ಕ ಪ್ರಾಯದ್ದು. ಕಾಲ್ನಡಿಗೆಯವರಿಗೂ ಸೈಕಲಿನವರಿಗೂ ಮಾತ್ರ ಮೀಸಲಾದ ಇದರಲ್ಲಿ ಬಿಲ್ಲಿನಂತೆ ಬಾಗಿದ ಎರಡು ಭಾಗಗಳಿವೆ: ಒಂದು ನಡೆಯುವ ದಾರಿ, ಇನ್ನೊಂದು ಅದನ್ನು ತಂತಿಗಳಿಂದ ಎತ್ತಿಹಿಡಿದ ಕಮಾನು. ಹಡಗು ಬಂದರೆ ಇಡೀ ಸೇತುವೆಯೇ ಎರಡೂ ತುದಿಗಳ ಕೀಲುಗಳ ಮೇಲೆ ವಾಲುತ್ತದೆ. ಕಮಾನು ತಗ್ಗಿ ದಾರಿ ಮೇಲೇಳುವಾಗ, ಮಲಗಿದ್ದ ಕಣ್ಣೊಂದು ನಿಧಾನವಾಗಿ ರೆಪ್ಪೆ ತೆರೆದಂತೆ ತೋರುತ್ತದೆ. ನಾಲ್ಕೈದು ನಿಮಿಷಗಳ ಆಟ. ಮೊದಲ ಸಲ ನೋಡಿದಾಗ ಮಗಳು ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆನೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಆ ಸೇತುವೆಯ ದಕ್ಷಿಣ ತುದಿಯಲ್ಲಿ ಬಾಲ್ಟಿಕ್ ಎಂಬ ಕಲಾಮಂದಿರವಿದೆ. ಅದು ಹಿಂದೆ ಹಿಟ್ಟಿನ ಗಿರಣಿಯಾಗಿತ್ತು. ಗೋಧಿ ತುಂಬುತ್ತಿದ್ದ ಕಟ್ಟಡದಲ್ಲಿ 2002ರಿಂದ ಕಲಾಪ್ರದರ್ಶನ. ಪಕ್ಕದಲ್ಲಿ 2004ರಲ್ಲಿ ತೆರೆದ, ಗಾಜು ಮತ್ತು ಉಕ್ಕಿನ ಸಂಗೀತ ಭವನ. ಭಾನುವಾರ ದಂಡೆಯಲ್ಲಿ ಸಂತೆ ನೆರೆಯುತ್ತದೆ. ಸತ್ತಿದ್ದ ನದೀತೀರವೊಂದು ಪುನಃ ಜೀವ ತಳೆದ ಉದಾಹರಣೆಯೆಂದು ಈ ಊರನ್ನು ತೋರಿಸುತ್ತಾರೆ. ಕೆಲಸ ಹುಡುಕಿ ಬರುವವರ ಕೈಗೆ ಸಿಗುವ ಬಣ್ಣದ ಪುಸ್ತಿಕೆಗಳಲ್ಲಿ ಇಷ್ಟೇ ಇರುತ್ತದೆ. ನದಿ ಹೇಗೆ ಸತ್ತಿತು, ಯಾರು ಬದುಕಿಸಿದರು ಎಂಬುದನ್ನು ತಿಳಿಯಲು ನನಗೆ ಒಂದೆರಡು ವರ್ಷ ಬೇಕಾಯಿತು.

ಟೈನ್ ದಡದಿಂದ ಶತಮಾನಗಳ ಕಾಲ ಲಂಡನ್ನಿಗೆ ಕಲ್ಲಿದ್ದಲು ಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಎಂಜಿನ್, ಫಿರಂಗಿ, ಯುದ್ಧನೌಕೆ ಎಲ್ಲವೂ ಇಲ್ಲಿ ತಯಾರಾದವು. ವಾಲ್ಸೆಂಡಿನ ಸ್ವಾನ್ ಹಂಟರ್ ಕಾರ್ಖಾನೆಯಿಂದ 1906ರಲ್ಲಿ ನೀರಿಗಿಳಿದ ಮಾರಿಟೇನಿಯಾ ಆ ಕಾಲದ ಅತಿ ದೊಡ್ಡ ಹಡಗು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಬದುಕುಳಿದವರನ್ನು ಎತ್ತಿಕೊಂಡ ಕಾರ್ಪೇಥಿಯಾ ಕೂಡ ಅಲ್ಲಿಯದೇ. ಈ ವೈಭವದ ಕೊಳೆಯೆಲ್ಲ ಸೇರುತ್ತಿದ್ದುದು ನದಿಗೆ. ನೂರಾರು ಕೊಳವೆಗಳಿಂದ ಎರಡೂ ದಡದ ಊರುಗಳ ಮಲಿನ ನೀರು ಶುದ್ಧೀಕರಣವಿಲ್ಲದೆ ಹರಿದು, 1950ರ ದಶಕದ ಕೊನೆಯ ಹೊತ್ತಿಗೆ ಸಾಲ್ಮನ್ ಮೀನು ಈ ನದಿಯಲ್ಲಿ ಇಲ್ಲವೆನ್ನುವಷ್ಟು ಅಪರೂಪವಾಗಿತ್ತು.

ನನ್ನ ವೃತ್ತಿ ಕೊಳವೆ, ಪಂಪು, ಚರಂಡಿಗಳದು. ಆದ್ದರಿಂದ ಈ ಮಾತನ್ನು ಸ್ವಲ್ಪ ಅಭಿಮಾನದಿಂದಲೇ ಹೇಳುತ್ತೇನೆ: ಟೈನ್ ನದಿಯನ್ನು ಮೊದಲು ಬದುಕಿಸಿದ್ದು ಕಲಾಮಂದಿರವಲ್ಲ, ಚರಂಡಿ. 1970ರ ದಶಕದಲ್ಲಿ ಕೈಗೊಂಡ ಯೋಜನೆಯಲ್ಲಿ ನದಿಗೆ ಬೀಳುತ್ತಿದ್ದ ಕೊಳವೆಗಳನ್ನೆಲ್ಲ ಅಡ್ಡಗಟ್ಟಿ, ದಡದುದ್ದಕ್ಕೂ ಸಾಗುವ ದೊಡ್ಡ ಕೊಳವೆಗೆ ಸೇರಿಸಿ, ಕೆಳಗಿನ ಹೌಡನ್ ಎಂಬಲ್ಲಿ ಶುದ್ಧೀಕರಿಸುವ ಏರ್ಪಾಡಾಯಿತು. ಮೇಲಣ ಕಣಿವೆಯಲ್ಲಿ ಕೀಲ್ಡರ್ ಅಣೆಕಟ್ಟು ಕಟ್ಟಿ ಸಾಲ್ಮನ್ ಮೊಟ್ಟೆಯಿಡುವ ಜಾಗಗಳು ಮುಳುಗಿದ್ದಕ್ಕೆ ಪರಿಹಾರವಾಗಿ ಮರಿಗಳನ್ನು ಸಾಕಿ ನದಿಗೆ ಬಿಡುವ ಕೇಂದ್ರವೂ ಆರಂಭವಾಯಿತು. ಮೀನು ಮರಳಿತು. ಇಂಗ್ಲೆಂಡಿನಲ್ಲಿ ಸಾಲ್ಮನ್ ಹೆಚ್ಚು ಸಿಗುವ ನದಿಗಳ ಸಾಲಿಗೆ ಟೈನ್ ಸೇರಿತು; ಈಚಿನ ವರ್ಷಗಳಲ್ಲಿ ಬೇರೆಡೆಗಳಂತೆ ಇಲ್ಲಿಯೂ ಸಂಖ್ಯೆ ಇಳಿಯುತ್ತಿದೆ ಎಂಬುದು ಬೇರೆ ಮಾತು. ನೆಲದಡಿಯ ಆ ಕೊಳವೆಯ ಚಿತ್ರವನ್ನು ಯಾವ ಪುಸ್ತಿಕೆಯಲ್ಲೂ ನಾನು ಕಂಡಿಲ್ಲ.

ಆದರೆ ನದಿ ಸ್ವಚ್ಛವಾಗುತ್ತಿದ್ದ ಕಾಲದಲ್ಲೇ ಅದರ ದಡದ ಕೆಲಸಗಳು ಒಂದೊಂದಾಗಿ ಮುಚ್ಚಿದವು. ಗಣಿಗಳು ಹೋದವು, ಹಡಗಿನ ಕಾರ್ಖಾನೆಗಳು ಹೋದವು. ಹಾಳುಬಿದ್ದ ದಂಡೆಯನ್ನು ಎತ್ತಿ ಕಟ್ಟಲು 1987ರಲ್ಲಿ ಸರಕಾರವೊಂದು ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ಅದು 1998ರವರೆಗೆ ಕೆಲಸ ಮಾಡಿತು. ಗೋದಾಮುಗಳಿದ್ದಲ್ಲಿ ಕಚೇರಿ, ಹೋಟೆಲು, ಮಹಡಿಮನೆಗಳು ಎದ್ದವು. ಒಂದು ನದಿಗೆ ಎರಡು ಜನ್ಮ. ಮೊದಲ ಜನ್ಮದಲ್ಲಿ ದುಡಿದವರಿಗೂ ಎರಡನೆಯ ಜನ್ಮದಲ್ಲಿ ದಂಡೆಯ ಮೇಲೆ ಕಾಫಿ ಕುಡಿಯುವವರಿಗೂ ಹೆಚ್ಚಿನ ಸಂಬಂಧವಿಲ್ಲ.

ಇದನ್ನು ನನಗೆ ಕಾಣಿಸಿಕೊಟ್ಟವರು ನಮ್ಮ ನೆರೆಮನೆಯ ವೃದ್ಧರು. ನಾವು ಬಿಡಾರ ಹೂಡಿದ್ದು ಇಲ್ಲಿಗೇ ವಿಶಿಷ್ಟವಾದ ಒಂದು ಬಗೆಯ ಮನೆಯಲ್ಲಿ. ಹಿಂದೆ ಕಾರ್ಮಿಕರಿಗಾಗಿ ಕಟ್ಟಿದ ಸಾಲುಮನೆಗಳವು. ಕೆಳಗೊಂದು ಸಂಸಾರ, ಮೇಲೊಂದು ಸಂಸಾರ, ಬೀದಿಗೆ ಮಾತ್ರ ಎರಡು ಬಾಗಿಲುಗಳು ಒಟ್ಟೊಟ್ಟಿಗೆ. ಮೇಲಿನ ಮನೆ ನಮ್ಮದು, ಕೆಳಗಿನದು ಅವರದು. ಹಡಗಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದವರು. ಆರಂಭದ ತಿಂಗಳುಗಳಲ್ಲಿ ತಲೆಯಾಡಿಸುವುದರಾಚೆಗೆ ಮಾತಿರಲಿಲ್ಲ. 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ನನ್ನ ಪತ್ನಿ ದಿನವೂ ಆಸ್ಪತ್ರೆಗೆ ಹೋಗುತ್ತಿದ್ದಳು. ಅವಳಿಂದ ರೋಗ ಅಂಟೀತೆಂದು ಅವರು ದೂರವಾಗಬಹುದೆಂದು ನಾನು ಅಂದುಕೊಂಡಿದ್ದೆ. ಎರಡನೆಯ ವಾರ ನಮ್ಮ ಬಾಗಿಲ ಬಳಿ ಹಾಲು, ಬ್ರೆಡ್ಡು ಇಟ್ಟಿದ್ದರು. ಮಾತು ಅಲ್ಲಿಂದ ಆರಂಭವಾಯಿತು.

ಒಂದು ದಿನ ಅವರು, "ನಮ್ಮ ಕ್ರೇನುಗಳನ್ನು ಕೊಂಡುಹೋದವರು ನಿಮ್ಮವರೇ ಅಲ್ಲವೇ?" ಎಂದರು. ನನಗೆ ತಿಳಿಯಲಿಲ್ಲ. ಅವರು ಹೇಳಿದ್ದು ನಿಜವಾದ ಸಂಗತಿ. ವಾಲ್ಸೆಂಡಿನಲ್ಲಿ ಮನೆಗಳ ಮಾಡಿನ ಮೇಲೆ ಆಕಾಶದಲ್ಲಿ ಕಾಣುತ್ತಿದ್ದ ಸ್ವಾನ್ ಹಂಟರಿನ ಕ್ರೇನುಗಳು, ತೇಲುವ ಡಾಕು, ಯಂತ್ರಗಳು 2007ರಲ್ಲಿ ಭಾರತದ ಭಾರತಿ ಶಿಪ್‌ಯಾರ್ಡಿಗೆ ಮಾರಾಟವಾಗಿ, ಬಿಚ್ಚಿ ಹಡಗಿಗೇರಿಸಿ ಒಯ್ಯಲ್ಪಟ್ಟಿದ್ದವು. ಅವು ಹೋಗುವುದನ್ನು ನೋಡಲು ಹೋಗಿದ್ದಿರಾ ಎಂದು ಕೇಳಿದೆ. ಹೋಗಲಿಲ್ಲವಂತೆ. ಬಾಲ್ಟಿಕ್ ಕಲಾಮಂದಿರಕ್ಕೂ ಅವರು ಒಮ್ಮೆಯೂ ಹೋಗಿಲ್ಲ. ಅಲ್ಲಿ ಪ್ರವೇಶ ಉಚಿತ ಎಂದೆ. "ಗೊತ್ತು" ಎಂದಷ್ಟೇ ಹೇಳಿ ಕೈತೋಟದ ಕಡೆ ತಿರುಗಿದರು.

2016ರಲ್ಲಿ ಕಾನ್ ಚಿತ್ರೋತ್ಸವದ ಉನ್ನತ ಪ್ರಶಸ್ತಿ ಪಡೆದ ಕೆನ್ ಲೋಚರ "ಐ, ಡೇನಿಯಲ್ ಬ್ಲೇಕ್" ಚಲನಚಿತ್ರ ನಡೆಯುವುದು ಈ ಊರಿನಲ್ಲೇ. ಹೊಟ್ಟೆಗಿಲ್ಲದವರಿಗೆ ದಾನದ ದಿನಸಿ ಹಂಚುವ ಕೇಂದ್ರದ ದೃಶ್ಯ ಅದರಲ್ಲಿದೆ. ನಗರದ ಪಶ್ಚಿಮ ಭಾಗದ ನಿಜವಾದ ಕೇಂದ್ರದಲ್ಲೇ ಅದನ್ನು ಚಿತ್ರೀಕರಿಸಿದರು. ಹೊಳೆಯುವ ದಂಡೆಗೂ ಆ ಸಾಲಿಗೂ ದೂರ ಹೆಚ್ಚಿಲ್ಲ. ಬರುವ ಮಕ್ಕಳು ಇದನ್ನೂ ನೋಡುವಂತಾಗಲಿ ಎಂದು ಬರೆದೆ.

ಇನ್ನು ವ್ಯವಹಾರದ ಮಾತು. ಮನೆ ಹುಡುಕಿದ ಕಥೆಯನ್ನು ಹೇಳಲೇಬೇಕು. ಆ ದೇಶದಲ್ಲಿ ನಮಗೆ ಹಿಂದಿನ ಬಾಡಿಗೆಯ ದಾಖಲೆಯಾಗಲಿ, ಜಾಮೀನು ನಿಲ್ಲುವವರಾಗಲಿ ಇರಲಿಲ್ಲ. ಮನೆ ಕೊಡಿಸುವ ಮಧ್ಯಸ್ಥ ಕಂಪನಿಯೊಂದು ಆರು ತಿಂಗಳ ಬಾಡಿಗೆ ಮುಂಗಡ ಕೇಳಿತು. ಇನ್ನೊಂದು ಉತ್ತರವನ್ನೇ ಕೊಡಲಿಲ್ಲ. ಕೊನೆಗೆ ನಮಗೆ ಮನೆ ಸಿಕ್ಕಿದ್ದು ಪತ್ನಿಯ ಸಹೋದ್ಯೋಗಿಯಾಗಿದ್ದ ಕೋಟ್ಟಯಂ ಕಡೆಯ ದಾದಿಯೊಬ್ಬರ ದಯೆಯಿಂದ. ತಾವು ಬಿಡುತ್ತಿದ್ದ ಮನೆಯನ್ನು ಯಜಮಾನನೊಡನೆ ಮಾತಾಡಿ ನಮಗೆ ಕೊಡಿಸಿದರು. ಮಾತೆಲ್ಲ ಮಲಯಾಳದಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡಕ್ಕಾಗಿ ಮೆರವಣಿಗೆ ಹೋದವರು ನಮ್ಮ ಅಜ್ಜ. ಕಚೇರಿಯ ಮಲಯಾಳ ಅರ್ಜಿಗಳನ್ನು ತುಂಬಲಾರದೆ ಅಪ್ಪ ಪಟ್ಟ ಪಾಡನ್ನು ಕಂಡವನು ನಾನು. ಅದೇ ಭಾಷೆ ಏಳೆಂಟು ಸಾವಿರ ಕಿಲೋಮೀಟರ್ ಆಚೆ ತಲೆಯ ಮೇಲೆ ಮಾಡು ಕೊಡಿಸಿತು. ಅಜ್ಜನಿಗೆ ಈ ಸಂಗತಿಯನ್ನು ಹೇಗೆ ವಿವರಿಸುತ್ತಿದ್ದೆನೋ ಗೊತ್ತಿಲ್ಲ.

ದಾದಿಯರಾಗಿ ಬರುವವರಿಗೆ ದಾರಿ ಸ್ಪಷ್ಟವಿದೆ: ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಕೈಕೆಲಸದ ಪರೀಕ್ಷೆ. ನೇಮಕಾತಿಗಾಗಿ ಅಭ್ಯರ್ಥಿಯಿಂದ ದಲಾಲಿ ವಸೂಲು ಮಾಡಬಾರದೆಂದು ಬ್ರಿಟನ್ನಿನ ಆರೋಗ್ಯ ಇಲಾಖೆಯ ನೀತಿಸಂಹಿತೆ ಹೇಳುತ್ತದೆ. ಆದ್ದರಿಂದ ಅಡಿಕೆ ತೋಟ ಅಡವಿಟ್ಟು ಲಕ್ಷಗಟ್ಟಲೆ ಕೊಡಿ ಎನ್ನುವವನ ಮನೆಯಿಂದ ಎದ್ದು ಬನ್ನಿ. ವೃದ್ಧರ ಆರೈಕೆಯ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದನ್ನು 2025ರ ಜುಲೈಯಲ್ಲಿ ನಿಲ್ಲಿಸಿದ್ದಾರೆ. ಆ ಹೆಸರಿನಲ್ಲಿ ಹಣ ಕೇಳಿದರೆ ಅದು ಮೋಸವೆಂದೇ ತಿಳಿಯಬೇಕು. ಸ್ನಾತಕೋತ್ತರ ಓದಿಗೆಂದು ಹೋಗುವವರಲ್ಲಿ ಸಂಶೋಧನೆಯವರನ್ನು ಬಿಟ್ಟರೆ ಉಳಿದವರು 2024ರ ಜನವರಿಯಿಂದ ಸಂಸಾರವನ್ನು ಜೊತೆಗೆ ಒಯ್ಯುವಂತಿಲ್ಲ.

ಮಳೆಯ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿದರೆ ಅಲ್ಲಿ ಆರೇಳುನೂರರಷ್ಟು. ಅದು ಮಳೆಯೇ ಅಲ್ಲ. ಹೆದರಬೇಕಾದದ್ದು ಕತ್ತಲೆಗೆ. ಡಿಸೆಂಬರಿನಲ್ಲಿ ಬೆಳಗ್ಗೆ ಎಂಟೂವರೆಗೆ ಬೆಳಕು, ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಮುಗಿಯಿತು. ಪತ್ನಿಯ ಉದ್ಯೋಗದ ಮೇಲೆ ಬಂದ ನನಗೆ ಐದು ತಿಂಗಳು ಕೆಲಸವಿರಲಿಲ್ಲ. ಮಗಳನ್ನು ಶಾಲೆಗೆ ಬಿಟ್ಟು ಬಂದು ಆ ಕತ್ತಲೆಯಲ್ಲಿ ಒಬ್ಬನೇ ಕುಳಿತಾಗ, ಹಿಂತಿರುಗುವ ವಿಮಾನದ ದರವನ್ನು ಎಷ್ಟೋ ಸಲ ನೋಡಿದ್ದೇನೆ. ಹೆಂಡತಿಯ ಹಿಂದೆ ಬರುವ ಗಂಡಂದಿರಿಗೆ ಈ ಮಾತನ್ನು ಮುಂಚಿತವಾಗಿ ಯಾರೂ ಹೇಳುವುದಿಲ್ಲ. 2024ರ ಆಗಸ್ಟಿನಲ್ಲಿ ಹತ್ತಿರದ ಸಂಡರ್‌ಲ್ಯಾಂಡಿನಲ್ಲಿ ವಲಸಿಗರ ವಿರುದ್ಧ ಗಲಭೆಯಾದಾಗಲೂ ಕೆಲವು ದಿನ ಸಂಜೆ ಹೊರಗೆ ಹೋಗಲಿಲ್ಲ. ಮುಂದಿನ ವಾರ ನ್ಯೂಕಾಸಲಿನಲ್ಲಿ ಅದನ್ನು ವಿರೋಧಿಸುವವರು ದೊಡ್ಡ ಸಂಖ್ಯೆಯಲ್ಲಿ ಬೀದಿಗೆ ಬಂದರು. ಎರಡೂ ನಡೆದದ್ದು ನಿಜ. ಒಂದನ್ನು ಮಾತ್ರ ಹೇಳಿದರೆ ಅಪಚಾರವಾದೀತು.

ಇದು ಕೂಡ ಗಡಿನಾಡು. 1080ರಲ್ಲಿ ಇಲ್ಲಿ ಕೋಟೆ ಕಟ್ಟಿದ್ದೇ ಉತ್ತರದ ಸ್ಕಾಟ್‌ಲ್ಯಾಂಡಿನ ಭಯದಿಂದ. ಗಡಿಯ ಬೆರ್ವಿಕ್ ಊರು ಹತ್ತಾರು ಸಲ ಕೈಬದಲಾಗಿ 1482ರಲ್ಲಿ ಕೊನೆಗೆ ಇಂಗ್ಲೆಂಡಿಗೆ ಉಳಿಯಿತು. ಇಲ್ಲಿಯವರ ಆಡುಮಾತು ಜಾರ್ಡಿ; ಪುಸ್ತಕದ ಇಂಗ್ಲಿಷಿಗಿಂತ ಬಹಳ ಬೇರೆ. ಮಗುವಿಗೆ ಬೇರ್ನ್, ಹೋಗುವುದಕ್ಕೆ ಗ್ಯಾನ್, ಮನೆಗೆ ಹೆಯಮ್ ಎನ್ನುತ್ತಾರೆ. ದಕ್ಷಿಣದವರು ಇದನ್ನು ಕೇಳಿ ನಗುವುದುಂಟು. "ಉಂಟು" ಎಂದದ್ದಕ್ಕೆ ಬೆಂಗಳೂರಿನಲ್ಲಿ ನಗಿಸಿಕೊಂಡ ನಮಗೆ ಅದು ಹೊಸದಲ್ಲ. ಮಗಳು ಈಗ ಶಾಲೆಯಲ್ಲಿ ಜಾರ್ಡಿ, ಮನೆಯಲ್ಲಿ ನಮ್ಮ ಕನ್ನಡ ಆಡುತ್ತಾಳೆ. ಓದಲು ಮಾತ್ರ ತಡವರಿಸುತ್ತಾಳೆ.

ಟೈನ್ ಸೇತುವೆಯ ಉಕ್ಕಿನ ಸಂದುಗಳಲ್ಲಿ ಕಿಟ್ಟಿವೇಕ್ ಎಂಬ ಕಡಲಹಕ್ಕಿಗಳು ಗೂಡು ಕಟ್ಟುತ್ತವೆ. ಸಮುದ್ರದಿಂದ ಇಷ್ಟು ಒಳಗೆ ಅವು ಸಂಸಾರ ಹೂಡುವುದು ಜಗತ್ತಿನಲ್ಲಿ ಇಲ್ಲಿ ಮಾತ್ರವಂತೆ. ಚಳಿಗಾಲವನ್ನು ಅಟ್ಲಾಂಟಿಕ್ ಸಾಗರದಲ್ಲಿ ಕಳೆದು ವಸಂತದ ಹೊತ್ತಿಗೆ ಮರಳುತ್ತವೆ. ಒಮ್ಮೆ ದಂಡೆಯಲ್ಲಿ ನಿಂತು ಊರಿಗೆ ಫೋನು ಮಾಡಿದ್ದಾಗ ಅವುಗಳ ಕೂಗು ಕೇಳಿದ ಅಮ್ಮ, "ಅದ್ಯಾರು ಕಿಟ್ಟಿಯನ್ನು ಕರೆಯುವುದು?" ಎಂದಳು. ನಮ್ಮ ನೆರೆಕರೆಯ ಕಿಟ್ಟಣ್ಣನನ್ನು ನೆನೆದು ನಾವೆಲ್ಲ ನಕ್ಕೆವು. 2024ರಲ್ಲಿ ಸೇತುವೆಯ ದುರಸ್ತಿ ಆರಂಭವಾದಾಗ ಈ ಹಕ್ಕಿಗಳ ಗೂಡಿಗೆ ತೊಂದರೆಯಾಗದಂತೆ ಕೆಲಸವನ್ನು ಹೊಂದಿಸಿಕೊಂಡದ್ದನ್ನು ಕಂಡು ನನ್ನೊಳಗಿನ ಎಂಜಿನಿಯರಿಗೆ ಸಂತೋಷವಾಯಿತು.

ಬರುವವರಿದ್ದರೆ ಮುಖ್ಯೋಪಾಧ್ಯಾಯರ ಮೂಲಕ ನನಗೆ ತಿಳಿಸಲಿ. ಮೊದಲ ವಾರದ ಅನ್ನಕ್ಕೂ ಮಲಗುವುದಕ್ಕೂ ನಮ್ಮ ಬಿಡಾರವಿದೆ. ಕುಚ್ಚಿಲಕ್ಕಿ, ತೆಂಗಿನೆಣ್ಣೆ ಹೊತ್ತು ತರಬೇಡಿ, ಅವೆಲ್ಲ ಮಲಯಾಳಿಗಳ ಅಂಗಡಿಯಲ್ಲಿ ಸಿಗುತ್ತವೆ. ಪೆಟ್ಟಿಗೆಯಲ್ಲಿ ಜಾಗ ಉಳಿದರೆ ನಮ್ಮ ಶಾಲೆಯ ಎರಡನೆಯ ತರಗತಿಯ ಕನ್ನಡ ಪಾಠಪುಸ್ತಕವೊಂದನ್ನು ತನ್ನಿ. ಒಂದನೆಯದನ್ನು ಮಗಳು ಮುಗಿಸಿದ್ದಾಳೆ.