ಎದೆಯ ಪೇಸ್‌ಮೇಕರ್, ಕಿಸೆಯ ದೂರವಾಣಿ

ಮುಂಬಯಿಯ ಲೋಕಲ್ ಗಾಡಿ ಕಲಿಸುವ ಮೊದಲ ಪಾಠವೆಂದರೆ, ಬೆಲೆಬಾಳುವ ವಸ್ತುವನ್ನು ಹಿಂದಿನ ಕಿಸೆಯಲ್ಲಿಡದೆ ಎದೆಯ ಕಿಸೆಯಲ್ಲಿರಿಸಿ ಕಾಯ್ದುಕೊಳ್ಳಬೇಕೆಂಬುದು. ಮೊಬೈಲ್ ದೂರವಾಣಿಗೂ ನಾವು ಇದೇ ನಿಯಮವನ್ನು ಪಾಲಿಸುತ್ತೇವೆ. ಆದರೆ ಪೇಸ್‌ಮೇಕರ್ ಅಳವಡಿಸಿಕೊಂಡ ಹೃದ್ರೋಗಿಗಳಿಗೆ ಈ ಪಾಠ ಸಲ್ಲದು. ಆ ಯಂತ್ರವಿರುವುದು ಸಾಮಾನ್ಯವಾಗಿ ಎದೆಯ ಎಡಭಾಗದಲ್ಲಿ, ಚರ್ಮದ ಅಡಿಯಲ್ಲಿ. ಅಂದರೆ ಅಂಗಿಯ ಕಿಸೆಗೆ ತೀರ ಸಮೀಪದಲ್ಲಿ.

ಹೃದಯದ ಬಡಿತಕ್ಕೆ ಕಾರಣ ಅದರಲ್ಲಿಯೇ ಹುಟ್ಟುವ ಸೂಕ್ಷ್ಮ ವಿದ್ಯುತ್ ಸ್ಪಂದನ. ಅದು ಕುಗ್ಗಿದಾಗ ಬಡಿತ ನಿಧಾನವಾಗಿ ತಲೆಸುತ್ತು, ಮೂರ್ಛೆಗಳು ತಲೆದೋರುತ್ತವೆ. ಈ ಕೊರತೆಯನ್ನು ತುಂಬುವ ಯಂತ್ರವನ್ನು 1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರು ಆರ್ನೆ ಲಾರ್ಸನ್ ಎಂಬವರ ದೇಹದೊಳಗೆ ಮೊದಲ ಬಾರಿಗೆ ಇರಿಸಿದರು. ಆ ಯಂತ್ರ ಕೆಲವೇ ಗಂಟೆ ನಡೆಯಿತಾದರೂ, ಮುಂದೆ ಬಂದ ಯಂತ್ರಗಳ ನೆರವಿನಿಂದ ಲಾರ್ಸನ್ 2001ರವರೆಗೆ ಬದುಕಿದ್ದರು.

ಇಂದಿನ ಪೇಸ್‌ಮೇಕರ್ ಸದಾ ಹೃದಯಕ್ಕೆ ಕಿವಿಗೊಟ್ಟಿದ್ದು, ಬಡಿತ ತಪ್ಪಿದಾಗಲಷ್ಟೇ ತನ್ನ ಸ್ಪಂದನವನ್ನು ಕಳುಹಿಸುತ್ತದೆ. ಹೊರಗಿನ ವಿದ್ಯುತ್ಕಾಂತ ತರಂಗವನ್ನೇ ಬಡಿತವೆಂದು ಭ್ರಮಿಸಿದರೆ, ಬೇಕಾದ ಹೊತ್ತಿನಲ್ಲಿ ಅದು ಸುಮ್ಮನಿದ್ದುಬಿಡಬಹುದು. ಆತಂಕದ ಮೂಲ ಇದೇ.

ಆತಂಕ ಎಷ್ಟು ನಿಜ? 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 980 ರೋಗಿಗಳನ್ನು ಪರೀಕ್ಷಿಸಲಾಯಿತು. ದೂರವಾಣಿಯನ್ನು ಕಿವಿಗೆ ಹಿಡಿದಾಗ ಗಂಭೀರ ಅಡಚಣೆ ಒಂದೂ ಕಾಣಲಿಲ್ಲ. ನಿಸ್ಸಂಶಯವಾಗಿ ಗಂಭೀರವಾದ ಅಡಚಣೆ ಕಂಡುಬಂದದ್ದು ಶೇಕಡಾ 1.7 ಪರೀಕ್ಷೆಗಳಲ್ಲಿ, ಅದೂ ದೂರವಾಣಿಯನ್ನು ಪೇಸ್‌ಮೇಕರಿನ ಮೇಲೆಯೇ ಹಿಡಿದಾಗ. ಈಚಿನ ಪೇಸ್‌ಮೇಕರುಗಳಲ್ಲಿ ಇಂಥ ತರಂಗಗಳನ್ನು ತಡೆಯುವ ಏರ್ಪಾಡು ಇದೆ. ಆದರೆ 2020ರಿಂದೀಚಿನ ಕೆಲವು ದೂರವಾಣಿಗಳಲ್ಲಿ ಬಲವಾದ ಅಯಸ್ಕಾಂತಗಳಿವೆ. ಅವು ತೀರ ಬಳಿ ಬಂದರೆ ಪೇಸ್‌ಮೇಕರ್ ಹೃದಯದ ಬಡಿತವನ್ನು ಗಮನಿಸದೆ ಒಂದೇ ಗತಿಯಲ್ಲಿ ಮಿಡಿಯಬಹುದು. ದೂರ ಸರಿಸಿದೊಡನೆ ಸಾಮಾನ್ಯವಾಗಿ ಎಲ್ಲವೂ ಮೊದಲಿನಂತಾಗುತ್ತದೆ.

ಪರಿಹಾರ ಸುಲಭ. ದೂರವಾಣಿಗೂ ಯಂತ್ರಕ್ಕೂ ನಡುವೆ ಕನಿಷ್ಠ 15 ಸೆಂಟಿಮೀಟರ್ ಅಂತರವಿರಲಿ. ಒಂದು ಗೇಣು ಎಂದು ನೆನಪಿಟ್ಟುಕೊಂಡರೆ ಸಾಕು. ಯಂತ್ರ ಎಡಗಡೆಯಿದ್ದರೆ ಬಲಗಿವಿಗೆ ಹಿಡಿದು ಮಾತನಾಡಿರಿ. ಗರ್ದಿಯಲ್ಲಿ ಚೀಲವನ್ನು ಎದೆಗೆ ಅವಚಿಕೊಳ್ಳುವುದು ನಮ್ಮೆಲ್ಲರ ರೂಢಿ. ಆಗ ದೂರವಾಣಿ ಚೀಲದ ಮೇಲ್ಭಾಗದಲ್ಲಿರದೆ ಪ್ಯಾಂಟಿನ ಮುಂಗಿಸೆಯಲ್ಲಿರಲಿ. ಅದನ್ನು ಎದೆಯ ಮೇಲಿರಿಸಿಕೊಂಡು ನಿದ್ರಿಸಬಾರದು. ತಲೆಸುತ್ತು ಬಂದರೆ ದೂರವಾಣಿಯನ್ನು ದೂರವಿರಿಸಿ ವೈದ್ಯರನ್ನು ಕಾಣಬೇಕು.

ಹೆದರಿ ದೂರವಾಣಿಯನ್ನೇ ತ್ಯಜಿಸುವುದು ಮಾತ್ರ ಸರಿಯಲ್ಲ. ಮಕ್ಕಳು ಮುಂಜಾನೆಯೇ ಕೆಲಸಕ್ಕೆ ಹೊರಟು, ಡೊಂಬಿವಲಿಯ ಅಥವಾ ಮೀರಾರೋಡಿನ ಮನೆಯಲ್ಲಿ ವೃದ್ಧರು ಒಂಟಿಯಾಗಿ ಉಳಿಯುವ ಹೊತ್ತಿನಲ್ಲಿ, 108ಕ್ಕೆ ಕರೆಮಾಡಿ ಆಂಬುಲೆನ್ಸನ್ನು ತರಿಸಬಲ್ಲ ಸಾಧನ ಅದೊಂದೇ. ಅದು ಕೈಗೆಟಕುವಷ್ಟು ಹತ್ತಿರವಿರಲಿ, ಎದೆಯಿಂದ ಗೇಣುದ್ದ ದೂರವಿರಲಿ.