ಭೂದಾಖಲೆ ಕಚೇರಿಗಳಿಗೆ ಮುಕ್ತ ನಕ್ಷಾ ತಂತ್ರಾಂಶ

1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಅಳೆದ ಆಧಾರರೇಖೆಯಿಂದ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಅಡಿಪಾಯ ದೊರೆಯಿತು. ಅಂದಿನ ಮದರಾಸಾದ ಇಂದಿನ ಚೆನ್ನೈ, ತಮಿಳುನಾಡಿನ ಭೂಮಾಪನ ಆಡಳಿತದ ಕೇಂದ್ರವಾಗಿದೆ. ಹೊಸೂರು, ತಾಳವಾಡಿ ಪ್ರದೇಶಗಳ ಕನ್ನಡ ರೈತರ ಪಟ್ಟಾ ಭೂಮಿಗಳೂ ಇದೇ ವ್ಯವಸ್ಥೆಗೆ ಒಳಪಟ್ಟಿವೆ.

ಪ್ರತಿಯೊಂದು ಸರ್ವೆ ನಂಬರಿನ ಅಳತೆಗಳನ್ನು ಕ್ಷೇತ್ರ ಅಳತೆ ಪುಸ್ತಕದಲ್ಲಿ ದಾಖಲಿಸಲಾಗುತ್ತದೆ. ಈ ಅಳತೆಗಳಿಂದ ಗಣಕಯಂತ್ರದಲ್ಲಿ ನಕ್ಷೆ ರಚಿಸಲು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು 'ಕೊಲ್ಯಾಬ್‌ಲ್ಯಾಂಡ್' ತಂತ್ರಾಂಶವನ್ನು ರೂಪಿಸಿದೆ. ಇದಲ್ಲದೆ, ಆಕರ ಸಂಕೇತವನ್ನು ಯಾರು ಬೇಕಾದರೂ ಪರಿಶೀಲಿಸಿ ಮಾರ್ಪಡಿಸಬಹುದಾದ ಮುಕ್ತ ತಂತ್ರಾಂಶಗಳೂ ಇವೆ. 2002ರಲ್ಲಿ ಆರಂಭವಾದ 'ಕ್ಯೂಜಿಐಎಸ್' ಇವುಗಳಲ್ಲಿ ಪ್ರಮುಖವಾದುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಭೂ ಆಡಳಿತಕ್ಕೆಂದೇ ರೂಪಿಸಿದ 'ಸೋಲಾ' ಮುಕ್ತ ತಂತ್ರಾಂಶವನ್ನು ನೇಪಾಳ, ಘಾನಾ ಮತ್ತು ಸಮೋವಾ ದೇಶಗಳಲ್ಲಿ ಪ್ರಾಯೋಗಿಕವಾಗಿ ಬಳಸಲಾಯಿತು. ಇ-ಆಡಳಿತದಲ್ಲಿ ಮುಕ್ತ ತಂತ್ರಾಂಶಗಳಿಗೆ ಆದ್ಯತೆ ನೀಡುವ ನೀತಿಯನ್ನು ಭಾರತ ಸರ್ಕಾರವು 2015ರಲ್ಲಿ ಪ್ರಕಟಿಸಿತು.

ಆದರೆ ಪರವಾನಗಿ ಶುಲ್ಕವಿಲ್ಲವೆಂಬ ಒಂದೇ ಕಾರಣಕ್ಕೆ ತಂತ್ರಾಂಶವನ್ನು ಆಯ್ಕೆ ಮಾಡುವುದು ಯುಕ್ತವಲ್ಲ. ಒಂದನೆಯದಾಗಿ, ನಿಖರತೆಯನ್ನು ಪರೀಕ್ಷಿಸಬೇಕು. ಹಳೆಯ ಸರಪಳಿ ಅಳತೆಯ ಒಂದು ಲಿಂಕು ಎಂದರೆ 7.92 ಅಂಗುಲ, ಸುಮಾರು 20 ಸೆಂಟಿಮೀಟರ್. 100 ಮೀಟರ್ ಉದ್ದದ ಗಡಿಯು ಇಷ್ಟೇ ಸರಿದರೂ 20 ಚದರ ಮೀಟರ್, ಅಂದರೆ ಸುಮಾರು ಅರ್ಧ ಸೆಂಟು ಭೂಮಿ ನೆರೆಯವರ ಪಾಲಾಗುತ್ತದೆ. ಆದುದರಿಂದ ಆಯ್ದ ಕೆಲವು ಸರ್ವೆ ನಂಬರುಗಳ ಹಳೆಯ ಅಳತೆಗಳನ್ನು ತಂತ್ರಾಂಶಕ್ಕೆ ನೀಡಿ, ದೊರೆತ ವಿಸ್ತೀರ್ಣವನ್ನು ದಾಖಲೆಯೊಂದಿಗೆ ಹೋಲಿಸಬೇಕು. ಅಕ್ಕಪಕ್ಕದ ಹಿಡುವಳಿಗಳು ಒಂದರ ಮೇಲೊಂದು ಬಿದ್ದರೆ ಅಥವಾ ನಡುವೆ ತೆರಪು ಉಳಿದರೆ, ತಂತ್ರಾಂಶವು ಅದನ್ನು ತೋರಿಸುವಂತಿರಬೇಕು.

ಎರಡನೆಯದಾಗಿ, ನಕ್ಷೆಯನ್ನು ಯಾರು, ಯಾವಾಗ, ಯಾವ ಆದೇಶದ ಮೇರೆಗೆ ತಿದ್ದಿದರೆಂಬುದು ದಾಖಲಾಗಬೇಕು. ಮೂರನೆಯದಾಗಿ, ತಂತ್ರಾಂಶವನ್ನು ಬದಲಿಸಿದರೂ ದತ್ತಾಂಶವು ಓದಲು ದೊರೆಯುವಂತೆ ಅದನ್ನು ಮುಕ್ತ ಮಾನಕಗಳಲ್ಲಿ ಸಂಗ್ರಹಿಸಬೇಕು. ನಾಲ್ಕನೆಯದಾಗಿ, ಹೆಸರು ಮತ್ತು ವಿವರಗಳು ಪ್ರಾದೇಶಿಕ ಲಿಪಿಯಲ್ಲಿ ದೋಷವಿಲ್ಲದೆ ಮುದ್ರಣವಾಗಬೇಕು. ಕೊನೆಯದಾಗಿ, ಭೂಮಾಪಕರ ತರಬೇತಿ, ಯಂತ್ರಗಳು ಮತ್ತು ನಿರ್ವಹಣೆಯ ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಹೋದರರ ಪಾಲು ವಿಭಾಗಕ್ಕೂ ಭೂಸ್ವಾಧೀನದ ಪರಿಹಾರಕ್ಕೂ ನಕ್ಷೆಯೇ ಆಧಾರ. ಅದು ರೂಪುಗೊಂಡ ಬಗೆಯನ್ನು ಪರಿಶೀಲಿಸಲು ಅವಕಾಶವಿದ್ದಾಗಲೇ ದಾಖಲೆಯ ಮೇಲೆ ಜನರ ವಿಶ್ವಾಸ ದೃಢಗೊಳ್ಳುತ್ತದೆ. ತಂತ್ರಾಂಶ ಯಾವುದೇ ಇರಲಿ, ತಮ್ಮ ಹಿಡುವಳಿಯ ನಕ್ಷೆಯ ಪ್ರತಿಯನ್ನು ಪಡೆದು, ಅದನ್ನು ಸ್ಥಳದಲ್ಲಿರುವ ಗಡಿಕಲ್ಲುಗಳೊಂದಿಗೆ ಹೋಲಿಸಿ ನೋಡುವುದು ಪ್ರತಿಯೊಬ್ಬ ಭೂಮಾಲೀಕರಿಗೂ ಹಿತಕರ.