ಸುಂಕದವನೂ ಸುಖದುಃಖವೂ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ಅರಬೈಲು ಘಟ್ಟವನ್ನು ಏರುವುದಕ್ಕೆ ಮೊದಲು ಸಿಕ್ಕುವ ನಮ್ಮ ಸುಂಕಸಾಳದ ಹೆಸರು ಕಿವಿಗೆ ಬಿದ್ದಾಗಲೆಲ್ಲ ಈ ಗಾದೆಯು ನಮಗೆ ನೆನಪಾಗುತ್ತದೆ. ಊರಿನ ಹೆಸರಿನ ಮೂಲವೇನೇ ಇರಲಿ, ಗಾದೆಯ ಅರ್ಥವು ಸ್ಪಷ್ಟವಾಗಿದೆ. ಸುಂಕದವನಿಗೆ ಮೂಟೆಯ ಲೆಕ್ಕ ಬೇಕು; ಮೂಟೆಯನ್ನು ಹೊತ್ತವನ ಮನಸ್ಸಿನ ಲೆಕ್ಕ ಬೇಡ. ಮನುಷ್ಯನ ಸುಖವು ಯಾವುದರಿಂದ ಬೆಳೆಯುತ್ತದೆ, ಯಾವುದರಿಂದ ಕುಗ್ಗುತ್ತದೆ ಎಂಬ ಪ್ರಶ್ನೆಗೆ ಅರ್ಧ ಉತ್ತರವು ಈ ಗಾದೆಯೊಳಗೇ ಅಡಗಿದೆಯೆಂದು ನಮ್ಮ ಅಭಿಪ್ರಾಯ.

‘ಸುಖ’ ಎಂಬ ಶಬ್ದವನ್ನೇ ಮೊದಲು ನೋಡೋಣ. ಋಗ್ವೇದದಲ್ಲಿ ಇದು ರಥಕ್ಕೆ ವಿಶೇಷಣವಾಗಿ ಬರುತ್ತದೆ. ‘ಖ’ ಎಂದರೆ ರಂಧ್ರ. ಗಾಲಿಯ ನಡುವಿನ ತೂತು ಅಚ್ಚಿಗೆ ಸರಿಯಾಗಿ ಹೊಂದಿದ್ದರೆ ರಥವು ಸಲೀಸಾಗಿ ಓಡುವುದರಿಂದ ಅದು ‘ಸುಖ’ವಾದ ರಥವೆಂದು ಶಬ್ದದ ವ್ಯುತ್ಪತ್ತಿಯನ್ನು ಹೇಳುವವರುಂಟು. ಗಾಲಿಗೆ ಚಿನ್ನದ ತಗಡನ್ನು ಹೊದಿಸಿದರೂ ಅಚ್ಚು ಕೂಡದಿದ್ದರೆ ಕುಲುಕಾಟವು ತಪ್ಪದಷ್ಟೆ. ಹಾಗೆಯೇ ಸುಖವೆಂಬುದು ಒಂದು ವಸ್ತುವಲ್ಲ. ಒಂದಕ್ಕೊಂದು ಹೊಂದಿಕೊಂಡಿರುವ ಸ್ಥಿತಿ.

ಹಾಗಾದರೆ ಹಣದಿಂದ ಪ್ರಯೋಜನವಿಲ್ಲವೆ? ಇದೆ. ಹಸಿದ ಹೊಟ್ಟೆಗೆ ವೇದಾಂತವನ್ನು ಬಡಿಸುವುದು ನಿಷ್ಕರುಣೆಯ ಮಾತು. ಸಾಲ, ರೋಗ, ಸೋರುವ ಮಾಡು, ಇವು ಇದ್ದಲ್ಲಿ ಮನಸ್ಸಿಗೆ ನೆಮ್ಮದಿಯು ದುರ್ಲಭ. ಆದರೆ ಅವಶ್ಯವಾದುದು ದೊರೆತ ಮೇಲೆ ನಡೆಯುವ ಕಥೆಯೇ ಬೇರೆ. 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫಿಲಿಪ್ ಬ್ರಿಕ್‌ಮನ್ ಮತ್ತು ಅವರ ಜೊತೆಗಾರರು ಲಾಟರಿಯಲ್ಲಿ ದೊಡ್ಡ ಮೊತ್ತವನ್ನು ಗೆದ್ದ 22 ಮಂದಿಯನ್ನು ವಿಚಾರಿಸಿದರು. ಗೆದ್ದವರು ಸಾಮಾನ್ಯರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ಸುಖಿಗಳಾಗಿರಲಿಲ್ಲ. ಅಷ್ಟೇ ಅಲ್ಲ, ಗೆಳೆಯರೊಡನೆ ಹರಟುವುದು, ಬೆಳಗಿನ ಉಪಾಹಾರ, ಇಂಥ ನಿತ್ಯದ ಸಣ್ಣ ಸಂತೋಷಗಳು ಅವರಿಗೆ ಸಪ್ಪೆಯಾಗಿದ್ದುವು. ಅಪಘಾತದಿಂದ ಅಂಗಸ್ವಾಧೀನವನ್ನು ಕಳೆದುಕೊಂಡ 29 ಮಂದಿಯನ್ನೂ ಅವರು ಕೇಳಿದರು. ಇವರ ಸುಖವು ಇತರರಿಗಿಂತ ಕಡಿಮೆಯಾಗಿದ್ದುದು ನಿಜ. ಆದರೆ ಹೊರಗಿನವರು ಊಹಿಸುವಷ್ಟು ಅವರು ಕುಸಿದಿರಲಿಲ್ಲ. ಕೆಲವೇ ಮಂದಿಯನ್ನು ಕೇಳಿದ ಈ ಪರೀಕ್ಷೆಯನ್ನು ಕಡೆಯ ಮಾತೆಂದು ಹಿಡಿಯಬೇಕಾಗಿಲ್ಲ. ಆದರೂ ರೂಢಿಯೆಂಬ ಸುಂಕದವನು ದಾರಿಯಲ್ಲಿ ಕುಳಿತಿದ್ದಾನೆಂಬುದು ಎಲ್ಲ ಗೃಹಸ್ಥರ ಅನುಭವ. ಹೊಸ ಮನೆ, ಹೊಸ ವಾಹನ, ಹೊಸ ಒಡವೆ, ಯಾವುದು ಬಂದರೂ ಅದರ ಸಂತೋಷದಲ್ಲಿ ತನ್ನ ಪಾಲನ್ನು ಅವನು ಕಿತ್ತುಕೊಳ್ಳದೆ ಬಿಡನು.

ತೈತ್ತಿರೀಯೋಪನಿಷತ್ತಿನಲ್ಲಿ ಆನಂದವನ್ನು ಅಳೆಯುವ ಪ್ರಕರಣವೊಂದಿದೆ. ಬಲಿಷ್ಠನೂ ವಿದ್ಯಾವಂತನೂ ಆದ ತರುಣನಿಗೆ ಸಂಪತ್ತು ತುಂಬಿದ ಭೂಮಿಯೆಲ್ಲವೂ ದೊರೆತರೆ ಆಗುವ ಆನಂದವನ್ನು ಒಂದು ಮಾನವೆಂದಿಟ್ಟುಕೊಂಡು, ಗಂಧರ್ವರು, ಪಿತೃಗಳು, ದೇವತೆಗಳು ಎಂದು ನೂರುಪಟ್ಟಿನಂತೆ ಅದು ಏರುತ್ತದೆ. ಆದರೆ ಮೇಲಿನ ಮೆಟ್ಟಿಲುಗಳಲ್ಲೆಲ್ಲ, ಆಸೆಯ ಪೆಟ್ಟಿಗೆ ಸಿಕ್ಕದ ಜ್ಞಾನಿಗೆ ಅದೇ ಆನಂದವು ಲಭಿಸಿದೆಯೆಂದು ಋಷಿಯು ಹೇಳುತ್ತಾನೆ. ಏಣಿಯನ್ನು ಹತ್ತದೆಯೇ ಫಲವನ್ನು ಪಡೆದವನಿವನು. ನಮ್ಮಂಥ ಸಂಸಾರಿಗಳಿಗೆ ಈ ಸ್ಥಿತಿಯು ಬಲು ದೂರ. ನಮಗೆ ನಿಲುಕುವ ಉಪಾಯವೊಂದು ಬೇಕು.

ಅದು ಯಾವುದೆಂಬುದನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು 1938ರಲ್ಲಿ ಆರಂಭಿಸಿದ ಒಂದು ದೀರ್ಘ ಅಧ್ಯಯನವು ತೋರಿಸುತ್ತದೆ. ಆ ವಿದ್ಯಾಪೀಠದ 268 ವಿದ್ಯಾರ್ಥಿಗಳನ್ನೂ, ಬಾಸ್ಟನ್ ನಗರದ ಬಡಕೇರಿಗಳ 456 ಹುಡುಗರನ್ನೂ, ಒಟ್ಟು 724 ಮಂದಿಯನ್ನು ಅವರ ಮುಪ್ಪಿನವರೆಗೂ ಹಿಂಬಾಲಿಸಿ ವಿಚಾರಿಸಲಾಯಿತು. ಐವತ್ತರ ವಯಸ್ಸಿನಲ್ಲಿ ತಮ್ಮವರೊಡನೆ ತೃಪ್ತಿಕರವಾದ ಸಂಬಂಧವಿದ್ದವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಂತರಾಗಿದ್ದರೆಂದು ಕಂಡುಬಂದಿತು. ಕೀರ್ತಿಗಿಂತಲೂ ಐಶ್ವರ್ಯಕ್ಕಿಂತಲೂ, ಕಷ್ಟಕಾಲದಲ್ಲಿ ನೆಚ್ಚಬಹುದಾದ ಜನವೇ ಮನುಷ್ಯನನ್ನು ಕಾಯುತ್ತದೆಂದು ಇದರ ತಾತ್ಪರ್ಯ.

ಇದಕ್ಕೆ ನಿದರ್ಶನವನ್ನು ಹುಡುಕಲು ಸಮುದ್ರವನ್ನು ದಾಟಬೇಕಾಗಿಲ್ಲ. ನಮ್ಮ ಅಂಕೋಲೆ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಎಳೆಯ ವಯಸ್ಸಿನಲ್ಲಿಯೇ ವೈಧವ್ಯವನ್ನು ಕಂಡವರು. ಅಕ್ಷರವನ್ನು ಕಲಿಯಲಿಲ್ಲ, ಆಸ್ತಿಯಿರಲಿಲ್ಲ. ಆದರೆ ಹಾಲಕ್ಕಿ ಒಕ್ಕಲಿಗರ ಹಾಡುಗಳು ಅವರ ಕಂಠದಲ್ಲಿದ್ದುವು. ಆ ಹಾಡುಗಳನ್ನು ಅವರು ಇತರ ಹೆಂಗಸರಿಗೂ ಕಲಿಸಿ ಕೂಡಿ ಹಾಡಿದರು. ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿಯ ವಿರುದ್ಧವಾಗಿ ಎದ್ದು ನಿಂತರು. 2017ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರು ಸುಖಿಯಾಗಿದ್ದರೋ ಇಲ್ಲವೋ ಎಂದು ತೀರ್ಪು ಕೊಡಲು ನಾವು ಯಾರು? ಆದರೆ ಒಬ್ಬಳೇ ಅತ್ತರೆ ಅಳುವಾಗುವುದು, ಹತ್ತು ಮಂದಿ ಕೂಡಿದರೆ ಹಾಡಾಗುವುದು ಎಂಬುದನ್ನು ಅವರ ಬಾಳಿನಿಂದ ನಾವು ತಿಳಿಯಬಹುದು.

ಈಗ ನಮ್ಮ ಮನೆಗಳ ಕಡೆಗೆ ದೃಷ್ಟಿಯನ್ನು ತಿರುಗಿಸೋಣ. ಗಂಗಾವಳಿಯ ದಡದಲ್ಲಿ ಅಡಕೆಯ ತೋಟವಿದೆ, ಹೆಂಚಿನ ಮಾಡಿದೆ, ಜಗಲಿಯ ಮೇಲೆ ಮುದುಕ ಮುದುಕಿಯರಿದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಗೋವೆಯಲ್ಲೋ ಇದ್ದಾರೆ. ತಿಂಗಳಿಗೊಮ್ಮೆ ಹಣವು ತಪ್ಪದೆ ಬರುತ್ತದೆ. ದೂರವಾಣಿಯಲ್ಲಿ ಮಗನು ಕೇಳುತ್ತಾನೆ: “ಗುಳಿಗೆ ತಗೊಂಡ್ರಾ? ಹಣ ಮುಟ್ಟಿತಾ? ಅಡಕೆಗೆ ಧಾರಣೆ ಎಷ್ಟು?” ಮಗನಲ್ಲಿ ಪ್ರೀತಿಯಿಲ್ಲವೆಂದಲ್ಲ, ಆದರೆ ಈ ಪ್ರಶ್ನೆಗಳು ಸುಂಕದವನ ಪ್ರಶ್ನೆಗಳಾಗಿವೆ. “ನಿನ್ನೆ ರಾತ್ರಿ ನಿದ್ದೆ ಬಂತೇ ಅಮ್ಮಾ? ಏನು ಯೋಚನೆ?” ಎಂದು ಕೇಳಿ, ಉತ್ತರವು ಮುಗಿಯುವವರೆಗೂ ಸುಮ್ಮನಿರುವುದಕ್ಕೆ ಕಾಸೂ ಖರ್ಚಾಗದು. ಒಂದೇ ಸೂರಿನ ಕೆಳಗಿರುವ ಗಂಡಹೆಂಡಿರಿಗೂ ಅತ್ತೆಸೊಸೆಯರಿಗೂ ಈ ಮಾತು ಸಲ್ಲುತ್ತದೆ. ಪರೀಕ್ಷೆಯ ಅಂಕವನ್ನು ಮಾತ್ರ ವಿಚಾರಿಸುವ ತಂದೆಯೂ ಸುಂಕದ ಕಟ್ಟೆಯಲ್ಲಿಯೇ ಕುಳಿತಿದ್ದಾನೆ.

ಇನ್ನೊಂದು ಎಚ್ಚರಿಕೆ. ವಾರಗಟ್ಟಲೆ ನಿದ್ದೆಯೂ ಊಟವೂ ಸೇರದೆ, ಬದುಕೇ ಬೇಡವೆನಿಸಿದರೆ ಅದು ಸ್ವಭಾವದೋಷವಲ್ಲ, ಚಿಕಿತ್ಸೆಯುಳ್ಳ ರೋಗ. ಅದಕ್ಕೆ ವೈದ್ಯರಿದ್ದಾರೆ. 2022ರ ಅಕ್ಟೋಬರಿನಲ್ಲಿ ಸರಕಾರವು ಆರಂಭಿಸಿದ ‘ಟೆಲಿ ಮಾನಸ್’ ಎಂಬ ವ್ಯವಸ್ಥೆಯೂ ಇದೆ; 14416 ಎಂಬ ಸಂಖ್ಯೆಗೆ ಕರೆಮಾಡಿ, ಯಾವ ಶುಲ್ಕವೂ ಇಲ್ಲದೆ ಮನಸ್ಸಿನ ಕಷ್ಟವನ್ನು ಹೇಳಿಕೊಳ್ಳಬಹುದು.

ಸುಖವನ್ನು ಸಂಪಾದಿಸಿ ಪೆಟ್ಟಿಗೆಯಲ್ಲಿಡಲು ಬಾರದು. ಆದರೆ ಮನೆಯಲ್ಲಿ ಒಬ್ಬರ ಮಾತನ್ನು ಒಬ್ಬರು ಕೇಳುವ ರೂಢಿಯನ್ನು ಹಾಕಬಹುದು. ದಿನಕ್ಕೆ ಅರ್ಧ ಗಳಿಗೆ ಸಾಕು. ಆ ಅರ್ಧ ಗಳಿಗೆಯಲ್ಲಿ ಲೆಕ್ಕದ ಮಾತು ಬೇಡ.